ಯಾವುದರ ಕೊರತೆ?

ಉಷ್ಣವೆಂಬ ಮಾತನ್ನು ನಮ್ಮ ವಿದ್ಯಾರ್ಥಿಗಳು ದಿನಕ್ಕೆ ಎರಡು ಕಡೆ ಕೇಳುತ್ತಾರೆ. ಪರಂಗಿಹಣ್ಣು ಉಷ್ಣ, ಮಜ್ಜಿಗೆ ತಂಪು ಎಂದು ಮನೆಯ ಹಿರಿಯರು ಹೇಳುವಾಗ ಒಮ್ಮೆ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿಯಷ್ಟು ಏರಿಸಲು ಒಂದು ಕ್ಯಾಲೊರಿ ಶಾಖ ಬೇಕೆಂದು ನಾವು ಕರಿಹಲಗೆಯ ಮೇಲೆ ಬರೆಯುವಾಗ ಇನ್ನೊಮ್ಮೆ. ಈ ಎರಡು ಉಷ್ಣಗಳೂ ಒಂದೆಯೋ ಬೇರೆ ಬೇರೆಯೋ ಎಂಬುದನ್ನು ಮನೆಯಲ್ಲಿ ಯಾರೂ ಹೇಳುವುದಿಲ್ಲ, ಕಾಲೇಜಿನಲ್ಲಿಯೂ ಹೇಳುವುದಿಲ್ಲ.

ಕಳೆದ ವರ್ಷ ಶಾಖದ ಪಾಠವನ್ನು ಮುಗಿಸಿ ನಾವು ತರಗತಿಯಿಂದ ಹೊರಡುವ ಹೊತ್ತಿಗೆ ವಿದ್ಯಾರ್ಥಿನಿಯೊಬ್ಬಳು ತನ್ನ ಮೊಬೈಲ್ ಫೋನನ್ನು ಮುಂದೆ ಹಿಡಿದು ಒಂದು ಪ್ರಶ್ನೆಯನ್ನು ಕೇಳಿದಳು. ಚೀನೀ ಸಾಂಪ್ರದಾಯಿಕ ವೈದ್ಯದ ರೀತಿಯಲ್ಲಿ ದೇಹಪ್ರಕೃತಿಯನ್ನು ಗುರುತಿಸುವ ಪ್ರಶ್ನಾವಳಿಯೊಂದಕ್ಕೆ ಆಕೆ ಉತ್ತರ ಕೊಟ್ಟಿದ್ದಳು. ಕೈಕಾಲು ತಣ್ಣಗಿರುವುದೆ? ಬೇಗನೆ ಆಯಾಸವಾಗುವುದೆ? ಚಳಿಯನ್ನು ತಡೆಯಲಾರಿರಾ? ಎಲ್ಲಕ್ಕೂ ಹೌದೆಂದವಳಿಗೆ ಬಂದ ನಿರ್ಣಯ ‘ಯಾಂಗ್ ಕೊರತೆಯ ಪ್ರಕೃತಿ’ ಎಂಬುದು. ಅದರ ಕೆಳಗೆ ಪೋಷಕ ಆಹಾರಗಳ ಪಟ್ಟಿ: ಕುರಿಮಾಂಸ, ಶುಂಠಿ, ದಾಲ್ಚಿನ್ನಿ, ಅಕ್ರೋಟು, ಕೆಂಪು ಎಲಚಿ. ವರ್ಜಿಸಬೇಕಾದವು: ಮರಸೇಬು, ಸೌತೆಕಾಯಿ, ಹೆಸರುಕಾಳು, ಏಡಿ. “ಸಾರ್, ಈ ಆಹಾರಗಳ ಉಷ್ಣವನ್ನು ಯಾವ ಉಷ್ಣಮಾಪಕದಿಂದ ಅಳೆಯುತ್ತಾರೆ?” ಎಂದು ಆಕೆ ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. “ಅಂಥ ಉಷ್ಣಮಾಪಕ ಇನ್ನೂ ತಯಾರಾಗಿಲ್ಲಮ್ಮ” ಎಂದು ಹೇಳಿ ಹೊರಟುಹೋದೆವು. ಆ ನಗೆ ತಪ್ಪಾಗಿತ್ತು. ಆಕೆಯ ಪ್ರಶ್ನೆಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇವೆ.

ಮೊದಲು ಚೀನೀಯರ ಮತವನ್ನು ಅವರ ಮಾತಿನಲ್ಲಿಯೇ ತಿಳಿಯುವುದು ನ್ಯಾಯ. ಯಿನ್ ಎಂದರೆ ಮೂಲದಲ್ಲಿ ಬೆಟ್ಟದ ನೆರಳಿನ ಮಗ್ಗುಲು. ಯಾಂಗ್ ಎಂದರೆ ಬಿಸಿಲಿನ ಮಗ್ಗುಲು. ತಂಪು, ತೇವ, ವಿಶ್ರಾಂತಿ ಇವು ಯಿನ್ನಿನ ಲಕ್ಷಣಗಳು. ಕಾವು, ಚಲನೆ, ಬೆಳಕು ಇವು ಯಾಂಗಿನ ಲಕ್ಷಣಗಳು. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ‘ಹುವಾಂಗ್‌ದಿ ನೈಜಿಂಗ್’ ಎಂಬ ಗ್ರಂಥದ ಕಾಲದಿಂದಲೂ ಆರೋಗ್ಯವೆಂದರೆ ಇವೆರಡರ ಸಮತೋಲವೆಂದು ಅಲ್ಲಿಯ ವೈದ್ಯರು ಎಣಿಸಿದ್ದಾರೆ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ಕಡಮೆಯಾದರೆ ಬೆಂಕಿ ಮೊದಲಿನಷ್ಟೇ ಇದ್ದರೂ ಹೆಚ್ಚಾದಂತೆ ಕಾಣುವುದಷ್ಟೆ; ಇದು ಯಿನ್ ಕೊರತೆ. ಅಂಗೈ ಅಂಗಾಲುಗಳ ಉರಿ, ಬಾಯಾರಿಕೆ, ಮಲಬದ್ಧತೆ, ನಿದ್ರಾಭಂಗ ಇದರ ಚಿಹ್ನೆಗಳು. ನೀರು ಸಾಕಷ್ಟಿದ್ದು ಬೆಂಕಿಯೇ ಕುಂದಿದರೆ ಯಾಂಗ್ ಕೊರತೆ. ಚಳಿ, ಜಡತೆ, ತಣ್ಣನೆಯ ಕೈಕಾಲುಗಳು ಇದರ ಚಿಹ್ನೆಗಳು.

ಕೊರತೆಯನ್ನು ತುಂಬಲು ಆಹಾರವೇ ಮೊದಲ ಮದ್ದು. ಏಳನೆಯ ಶತಮಾನದ ಸುನ್ ಸಿಮಿಯಾವೊ ಎಂಬ ವೈದ್ಯ 652ರ ಸುಮಾರಿಗೆ ರಚಿಸಿದ ತನ್ನ ದೊಡ್ಡ ಗ್ರಂಥದಲ್ಲಿ ಆಹಾರಚಿಕಿತ್ಸೆಗೆಂದೇ ಒಂದು ಭಾಗವನ್ನು ಮೀಸಲಿಟ್ಟು, ಆಹಾರದಿಂದ ಗುಣವಾಗದಿದ್ದರೆ ಮಾತ್ರ ಔಷಧಿಗೆ ಕೈಹಾಕಬೇಕೆಂದು ವಿಧಿಸಿದ್ದಾನೆ. ಆಹಾರಗಳಿಗೆ ಶೀತ, ತಂಪು, ಬೆಚ್ಚನೆ, ಉಷ್ಣವೆಂಬ ನಾಲ್ಕು ಗುಣಗಳು; ಯಾವ ಕಡೆಗೂ ವಾಲದವು ಸಮ. ಯಿನ್ ಕೊರತೆಯವರಿಗೆ ಮರಸೇಬು, ತಾವರೆಬೀಜ, ಲಿಲ್ಲಿ ಗೆಡ್ಡೆ, ಬಾತುಕೋಳಿಯ ಮಾಂಸ ಇವು ಹಿತ. ಮರದ ಕೊರಡಿನ ಮೇಲೆ ಹೂವಿನಂತೆ ಅರಳುವ ಬಿಳಿಯ ಅಣಬೆಯೊಂದನ್ನು ಮರಸೇಬು, ಕಲ್ಲುಸಕ್ಕರೆಗಳೊಡನೆ ಬೇಯಿಸಿ ಕುಡಿಯುವುದು ಚೀನದ ಮನೆಮನೆಯಲ್ಲಿಯೂ ತಿಳಿದ ಪಾಕ. ಯಾಂಗ್ ಕೊರತೆಯವರಿಗೆ ಹಿತವಾದವುಗಳನ್ನು ಆಗಲೇ ಹೇಳಿದೆವು.

ಇದು ಹಳೆಯ ಗ್ರಂಥಗಳಲ್ಲಿ ಮಾತ್ರ ಉಳಿದಿರುವ ಸಂಗತಿಯಲ್ಲ. ಬೀಜಿಂಗಿನ ಚೀನೀ ವೈದ್ಯ ವಿಶ್ವವಿದ್ಯಾಲಯದ ವಾಂಗ್ ಚೀ ಎಂಬ ಪ್ರಾಧ್ಯಾಪಕರು ಮನುಷ್ಯರ ದೇಹಪ್ರಕೃತಿಗಳನ್ನು ಒಂಬತ್ತಾಗಿ ವಿಂಗಡಿಸಿದರು. ಸಮಪ್ರಕೃತಿ ಒಂದು, ಯಿನ್ ಕೊರತೆ, ಯಾಂಗ್ ಕೊರತೆ ಮೊದಲಾಗಿ ವಾಲಿದವು ಎಂಟು. ಇವನ್ನು ಗುರುತಿಸುವುದಕ್ಕೆ 60 ಪ್ರಶ್ನೆಗಳ ಪತ್ರಿಕೆಯೊಂದು ಸಿದ್ಧವಾಯಿತು. 2009ರಲ್ಲಿ ಈ ವಿಂಗಡಣೆ ಅಲ್ಲಿಯ ವೈದ್ಯಸಂಘದ ಅಧಿಕೃತ ಮಾನದಂಡವಾಗಿ ಪ್ರಕಟವಾಯಿತು. ನಮ್ಮ ವಿದ್ಯಾರ್ಥಿನಿಯ ಕೈಗೆ ಬಂದದ್ದು ಇಂಥ ಪ್ರಶ್ನಾವಳಿಯ ಸಂಕ್ಷೇಪವಿರಬೇಕು. ನುರಿತ ಚೀನೀ ವೈದ್ಯನಾದರೋ ಪ್ರಶ್ನೆಗಳಲ್ಲಿಗೇ ನಿಲ್ಲದೆ ನಾಲಗೆಯನ್ನು ನೋಡಿ, ನಾಡಿಯನ್ನು ಹಿಡಿದು, ಆಮೇಲೆ ಮಾತನಾಡುತ್ತಾನೆ.

ಇಷ್ಟನ್ನು ಕೇಳಿದೊಡನೆ ವಿಜ್ಞಾನದ ವಿದ್ಯಾರ್ಥಿಗಳಲ್ಲಿ ಒಂದು ಗುಂಪು ನಗುತ್ತದೆ. ಇನ್ನೊಂದು ಗುಂಪು ಎರಡು ಸಾವಿರ ವರ್ಷಗಳ ಅನುಭವ ಸುಳ್ಳಾದೀತೆ ಎಂದು ನಂಬಿಬಿಡುತ್ತದೆ. ಎರಡೂ ಗುಂಪುಗಳು ಮಾಡಬೇಕಾದ ಕೆಲಸವನ್ನು ಮಾಡದೆ ಉಳಿಸಿರುತ್ತವೆ ಎಂಬುದು ನಮ್ಮ ಅಭಿಪ್ರಾಯ.

ನಗುವವರಿಗೆ ಮೊದಲು ಉತ್ತರ ಹೇಳೋಣ. ನಾಲ್ಕನೆಯ ಶತಮಾನದಲ್ಲಿ ಗೆ ಹೋಂಗ್ ಎಂಬ ಚೀನೀ ವೈದ್ಯ ತುರ್ತು ಚಿಕಿತ್ಸೆಗಳ ಕೈಪಿಡಿಯೊಂದನ್ನು ಬರೆದ. ಗಂಟಲು ಊದಿಕೊಳ್ಳುವ ಗಳಗಂಡ ರೋಗಕ್ಕೆ ಕಡಲಕಳೆಯನ್ನು ಮದ್ಯದಲ್ಲಿ ನೆನೆಸಿ ಕೊಡಬೇಕೆಂದು ಅದರಲ್ಲಿದೆ. ಇರುಳುಗಣ್ಣಿನ ರೋಗಿಗೆ ಪ್ರಾಣಿಗಳ ಯಕೃತ್ತನ್ನು ತಿನ್ನಿಸಬೇಕೆಂದು ಸುನ್ ಸಿಮಿಯಾವೊ ಹೇಳಿದ್ದಾನೆ. ಎರಡೂ ಸರಿಯಾದ ಚಿಕಿತ್ಸೆಗಳೇ. ಆದರೆ ಅವು ಏಕೆ ಸರಿ ಎಂಬುದು ಆ ವೈದ್ಯರಿಗೆ ತಿಳಿದಿರಲಿಲ್ಲ. 1811ರಲ್ಲಿ ಕೂರ್ತ್ವಾ ಎಂಬ ಫ್ರೆಂಚ್ ರಸಾಯನಜ್ಞ ಕಡಲಕಳೆಯ ಬೂದಿಯಿಂದ ನೇರಿಳೆ ಬಣ್ಣದ ಆವಿಯೊಂದನ್ನು ಹೊರಡಿಸಿದ, ಅದೇ ಅಯೊಡಿನ್. 1820ರಲ್ಲಿ ಜಿನೀವದ ವೈದ್ಯ ಕ್ವಾಂದೆ ಅದನ್ನು ಗಳಗಂಡದ ರೋಗಿಗಳಿಗೆ ಕೊಟ್ಟ. 1895ರಲ್ಲಿ ಜರ್ಮನಿಯ ಬೌಮನ್ ಥೈರಾಯ್ಡ್ ಗ್ರಂಥಿಯಲ್ಲಿಯೇ ಅಯೊಡಿನ್ ಇರುವುದನ್ನು ತೋರಿಸಿದ. ಹೀಗೆ ಗೆ ಹೋಂಗನ ಮದ್ದಿನ ಗುಟ್ಟು ಹದಿನೈದು ಶತಮಾನಗಳ ಮೇಲೆ ಬಯಲಾಯಿತು.

ಈ ಕಥೆಯಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಗಳಗಂಡ ಒಂದು ಕೊರತೆಯ ರೋಗ, ಕೊರತೆ ಅಯೊಡಿನ್ನಿನದು. ವಯಸ್ಕನಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು. ಒಂದು ವರ್ಷಕ್ಕೆ ಇದು ಸುಮಾರು 55 ಮಿಲಿಗ್ರಾಂ. ಎಪ್ಪತ್ತು ವರ್ಷ ಬದುಕಿದವನಿಗೆ ಒಟ್ಟು 4 ಗ್ರಾಮಿಗೂ ಕಡಮೆ. ಒಂದು ಚಿಕ್ಕ ಚಮಚೆಯೂ ತುಂಬದ ಈ ವಸ್ತುವನ್ನು ನಾವು ತೂಗಬಲ್ಲೆವು, ಉಪ್ಪಿನಲ್ಲಿ ಬೆರೆಸಬಲ್ಲೆವು, ಮೂತ್ರದಲ್ಲಿ ಅಳೆದು ಕೊರತೆ ತುಂಬಿತೋ ಇಲ್ಲವೋ ಎಂದು ಹೇಳಬಲ್ಲೆವು. ಕೊರತೆ ಎಂಬ ಮಾತಿಗೆ ಇಲ್ಲಿ ಪೂರ್ಣವಾದ ಅರ್ಥವಿದೆ: ಯಾವುದರದು, ಎಷ್ಟು, ತುಂಬಿದ್ದು ಗೊತ್ತಾಗುವುದು ಹೇಗೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿದೆ. ಯಿನ್ ಕೊರತೆ, ಯಾಂಗ್ ಕೊರತೆ ಎನ್ನುವಾಗ ಈ ಮೂರು ಪ್ರಶ್ನೆಗಳನ್ನೂ ಕೇಳಲೇಬೇಕು. ಕೇಳುವುದು ಅಗೌರವವಲ್ಲ, ಗೆ ಹೋಂಗನ ಕಡಲಕಳೆಗೆ ಸಂದ ಗೌರವವೇ ಅದು.

ಈಗ ಉಷ್ಣಮಾಪಕದ ವಿಚಾರ. ಉಷ್ಣತೆಯೂ ಒಂದು ಕಾಲದಲ್ಲಿ ಬರಿಯ ಸ್ಪರ್ಶದ ಮಾತೇ ಆಗಿದ್ದಿತು. ಮೂರು ಬೋಗುಣಿಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ತಣ್ಣೀರು, ಒಂದರಲ್ಲಿ ಕೈ ತಾಳುವಷ್ಟು ಬಿಸಿನೀರು, ನಡುವಣದರಲ್ಲಿ ಉಗುರುಬೆಚ್ಚನೆಯ ನೀರು. ಎಡಗೈಯನ್ನು ತಣ್ಣೀರಿನಲ್ಲಿಯೂ ಬಲಗೈಯನ್ನು ಬಿಸಿನೀರಿನಲ್ಲಿಯೂ ಒಂದು ನಿಮಿಷ ಇಟ್ಟು, ಎರಡನ್ನೂ ಒಟ್ಟಿಗೆ ನಡುವಣ ಬೋಗುಣಿಗೆ ಹಾಕಿ. ಅದೇ ನೀರು ಎಡಗೈಗೆ ಬಿಸಿ, ಬಲಗೈಗೆ ತಂಪು! ಒಂದೇ ನೀರು ಎರಡು ಕೈಗಳಿಗೆ ಎರಡಾಗಿ ತೋರುವುದನ್ನು ಜಾನ್ ಲಾಕ್ 1690ರ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ಇಂಥ ಅನುಭವಗಳನ್ನು ಸುಳ್ಳೆಂದು ತಳ್ಳಿಹಾಕದೆ, ಕೈಯನ್ನು ನೆಚ್ಚದ ಅಳತೆಯೊಂದನ್ನು ಭೌತಶಾಸ್ತ್ರ ಹುಡುಕಿತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಪಡುವ ನಗರದ ವೈದ್ಯ ಸ್ಯಾಂಕ್ಟೋರಿಯಸ್ ಗಾಜಿನ ನಳಿಗೆಗೆ ಗೆರೆಗಳನ್ನು ಹಾಕಿ ರೋಗಿಗಳ ಕಾವನ್ನು ನೋಡಿದ; 1714ರಲ್ಲಿ ಫ್ಯಾರನ್‌ಹೀಟ್ ಪಾದರಸದ ಉಷ್ಣಮಾಪಕವನ್ನು ಮಾಡಿದ; 1868ರಲ್ಲಿ ವುಂಡರ್‌ಲಿಕ್ ಸಾವಿರಾರು ರೋಗಿಗಳನ್ನು ಅಳೆದು ಆರೋಗ್ಯವಂತನ ಮೈಕಾವು ಸುಮಾರು 37 ಡಿಗ್ರಿ ಎಂದು ಸಾರಿದ. ಜ್ವರವೆಂಬುದು ಅಲ್ಲಿಂದೀಚೆಗೆ ಸಂಖ್ಯೆಯಾಯಿತು.

ಆಹಾರದ ಉಷ್ಣವೆಂದರೆ ಈ ಉಷ್ಣತೆಯೇ ಎಂದು ಒಂದು ಗಳಿಗೆ ಭಾವಿಸಿ ಲೆಕ್ಕ ಹಾಕೋಣ. 60 ಡಿಗ್ರಿ ಬಿಸಿಯಿರುವ ಕಾಲು ಲೀಟರ್ ಸಾರನ್ನು ಕುಡಿದರೆ ಅದು 37 ಡಿಗ್ರಿಗೆ ಇಳಿಯುವಾಗ ದೇಹಕ್ಕೆ ಕೊಡುವ ಶಾಖ ಸುಮಾರು 6 ಕಿಲೊಕ್ಯಾಲೊರಿ. 60 ಕಿಲೊಗ್ರಾಂ ತೂಕದ ದೇಹವನ್ನು ಒಂದು ಡಿಗ್ರಿ ಏರಿಸಲು ಬೇಕಾಗುವುದು ಸುಮಾರು 50 ಕಿಲೊಕ್ಯಾಲೊರಿ. ಎಂದಮೇಲೆ ಆ ಸಾರಿನಿಂದ ಆಗುವ ಏರಿಕೆ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲಿಗಿಂತ ಕೊಂಚ ಹೆಚ್ಚು, ಅಷ್ಟೆ. ಸುಮ್ಮನೆ ಕುಳಿತ ದೇಹ ತಾನಾಗಿಯೇ ಐದು ನಿಮಿಷಗಳಲ್ಲಿ ಅಷ್ಟು ಶಾಖವನ್ನು ಹುಟ್ಟಿಸುತ್ತದೆ. ಬಟ್ಟಲಿನ ಬಿಸಿ ಇಲ್ಲಿ ಲೆಕ್ಕಕ್ಕೆ ಬಾರದು; ಚೀನೀ ವೈದ್ಯರೂ ಬಟ್ಟಲಿನ ಬಿಸಿಯನ್ನು ಉದ್ದೇಶಿಸಿ ಮಾತನಾಡಿಲ್ಲ. ಮರಸೇಬನ್ನು ಕುದಿಸಿ ಬಿಸಿಬಿಸಿಯಾಗಿ ಕುಡಿದರೂ ಅದು ಅವರಿಗೆ ತಂಪೇ.

ಹಾಗಾದರೆ ಜೀರ್ಣವಾಗುವಾಗ ಹುಟ್ಟುವ ಶಾಖವಿರಬಹುದೆ? ಈ ಊಹೆ ಹೆಚ್ಚು ಬೆಲೆಯುಳ್ಳದ್ದು. ಆಹಾರವನ್ನು ಅರಗಿಸಲು ದೇಹ ಶಕ್ತಿಯನ್ನು ವ್ಯಯಮಾಡಬೇಕಾಗುತ್ತದೆ. ಅದು ಶಾಖವಾಗಿ ಹೊರಬೀಳುತ್ತದೆ. ಪ್ರೋಟೀನಿನ ಶಕ್ತಿಯಲ್ಲಿ ನೂರಕ್ಕೆ 20ರಿಂದ 30 ಪಾಲು ಹೀಗೆ ವ್ಯಯವಾದರೆ, ಪಿಷ್ಟ ಸಕ್ಕರೆಗಳಲ್ಲಿ 5ರಿಂದ 10 ಪಾಲು, ಕೊಬ್ಬಿನಲ್ಲಿ ಹೆಚ್ಚೆಂದರೆ 3 ಪಾಲು. ಕುರಿಮಾಂಸ ತಿಂದವನಿಗೆ ಮರಸೇಬು ತಿಂದವನಿಗಿಂತ ಮೈ ಬೆಚ್ಚಗಾಗುವುದು ನಿಜವೇ ಹೌದು. ಇಲ್ಲಿಗೆ ಗುಟ್ಟು ಸಿಕ್ಕಿತೆಂದು ಸಂತೋಷಪಡುವಷ್ಟರಲ್ಲಿ ಬಾತುಕೋಳಿಯೂ ಏಡಿಯೂ ಅಡ್ಡ ಬರುತ್ತವೆ. ಎರಡರಲ್ಲಿಯೂ ಪ್ರೋಟೀನು ಧಾರಾಳವಾಗಿದೆ. ಆದರೆ ಚೀನೀ ಪಟ್ಟಿಯಲ್ಲಿ ಬಾತುಕೋಳಿ ತಂಪು, ಏಡಿ ಶೀತ. ಅಲ್ಲಿಯ ಜನ ಏಡಿಯೊಡನೆ ಶುಂಠಿಯನ್ನು ತಿನ್ನುವುದು ಅದರ ಶೀತವನ್ನು ಕಳೆಯಲೆಂದೇ. ನಮ್ಮ ಊಹೆ ಒಂದು ಉದಾಹರಣೆಗೆ ಹೊಂದಿ ಎರಡಕ್ಕೆ ಹೊಂದದಾಯಿತು. ಊಹೆಯನ್ನು ಬಿಡಬೇಕು.

ಮೂರನೆಯ ಊಹೆ ನಾಲಗೆಗೆ ಸಂಬಂಧಿಸಿದ್ದು. ಮೆಣಸಿನಕಾಯಿ ಖಾರ ನಮಗೆ ಉರಿಯೆಂದು ತೋರುವುದೇಕೆ? 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ಇದಕ್ಕೆ ಉತ್ತರ ಕಂಡುಹಿಡಿದರು. ನಮ್ಮ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಕಾವಿಗೆ ತೆರೆದುಕೊಳ್ಳುವ ಅಣುಬಾಗಿಲೊಂದಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ಕಾವಿಲ್ಲದೆಯೇ ತೆರೆದುಬಿಡುತ್ತದೆ. ಪುದೀನ ಜಾತಿಯ ಗಿಡಗಳ ಮೆಂಥಾಲ್ ತಂಪಿನ ಬಾಗಿಲನ್ನು ಹೀಗೆಯೇ ತೆರೆಯುವುದೆಂದು 2002ರಲ್ಲಿ ತಿಳಿಯಿತು. 2021ರ ನೊಬೆಲ್ ಪಾರಿತೋಷಕ ಜೂಲಿಯಸ್ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ ಸಂದಿತು. ಚೀನೀ ಪಟ್ಟಿಯಲ್ಲಿ ಮೆಣಸಿನಕಾಯಿ ಉಷ್ಣ, ಪುದೀನ ತಂಪು. ಮೆಣಸಿನಕಾಯಿಯಾದರೋ ಅಮೆರಿಕ ಖಂಡದಿಂದ ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಚೀನಕ್ಕೆ ಬಂದ ಹೊಸಬ. ಬಂದೊಡನೆ ಜನರ ನಾಲಗೆ ಅದಕ್ಕೆ ಉಷ್ಣದ ಪೀಠವನ್ನೇ ಕೊಟ್ಟಿತು. ಆದುದರಿಂದ ಪಟ್ಟಿಯ ಒಂದು ಭಾಗದಲ್ಲಿ ನಾಲಗೆಯ ಪ್ರಾಮಾಣಿಕ ಸಾಕ್ಷ್ಯವಿದೆಯೆಂದು ಒಪ್ಪಬೇಕು. ಆದರೆ ಖಾರ ತಿಂದವನು ಬೆವರುತ್ತಾನೆ, ಬೆವರು ಆರಿ ಮೈ ತಣಿಯುತ್ತದೆ ಎಂಬುದನ್ನು ಮರೆಯಬಾರದು. ನಾಲಗೆಯ ಉಷ್ಣವೇ ದೇಹದ ಉಷ್ಣವಲ್ಲ. ಬಾತುಕೋಳಿಯೂ ಏಡಿಯೂ ಈ ಊಹೆಗೂ ಸಿಕ್ಕುವುದಿಲ್ಲ.

ಇಲ್ಲಿ ನಮ್ಮ ನಾಡಿನ ಸಾಕ್ಷ್ಯವನ್ನೂ ಕೇಳಬಹುದು. ಆಹಾರಕ್ಕೆ ಶೀತ ಉಷ್ಣಗಳನ್ನು ಹೇಳುವ ಪದ್ಧತಿ ಆಯುರ್ವೇದದಲ್ಲಿಯೂ ಇದೆ. ಎರಡು ಪದ್ಧತಿಗಳೂ ಒಂದೇ ಸತ್ಯವನ್ನು ಕಂಡಿದ್ದರೆ ಅವುಗಳ ಪಟ್ಟಿಗಳು ಹೊಂದಬೇಕು. ಹೆಸರುಕಾಳು ಅಲ್ಲಿಯೂ ತಂಪು, ಇಲ್ಲಿಯೂ ತಂಪು. ಶುಂಠಿ ಎರಡೂ ಕಡೆ ಕಾವಿನ ಪದಾರ್ಥ. ಆದರೆ ಚೀನದಲ್ಲಿ ಶೀತವಾದ ಏಡಿ ನಮ್ಮ ಮಲೆನಾಡಿನಲ್ಲಿ ಉಷ್ಣ! ಮಳೆಗಾಲದಲ್ಲಿ ಏಡಿಯ ಸಾರು ಮೈಯನ್ನು ಬೆಚ್ಚಗಿಡುತ್ತದೆ, ನೆಗಡಿಯನ್ನು ಓಡಿಸುತ್ತದೆ ಎಂಬುದು ಅಲ್ಲಿಯ ನಂಬಿಕೆ. ಏಡಿಯ ಜಾತಿ ಬೇರೆ, ನೀರು ಬೇರೆ, ಅಡಿಗೆ ಬೇರೆ ಎಂದು ವಾದಿಸಬಹುದು. ವಾದಿಸಲಿ. ಹಾಗಿದ್ದರೆ ಜಾತಿ, ನೀರು, ಅಡಿಗೆಗಳಲ್ಲಿ ಯಾವುದು ಗುಣವನ್ನು ತಿರುಗಿಸಿತೆಂದು ಪರೀಕ್ಷಿಸಿ ತೋರಿಸುವ ಭಾರವೂ ವಾದಿಸಿದವರದೇ. ಎರಡು ನಾಡುಗಳ ಹಿರಿಯರೂ ಅನುಭವದಿಂದಲೇ ಮಾತನಾಡಿದರು. ಎರಡು ಅನುಭವಗಳೂ ಎದುರುಬದುರಾಗಿ ನಿಂತವು. ಬರಿಯ ಅನುಭವದ ಹಳೆತನ ತೀರ್ಪು ಕೊಡಲಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ಪ್ರಶ್ನಾವಳಿಯ ಮಾತು. ಚೀನದ ಒಂಬತ್ತು ಪ್ರಾಂತಗಳಲ್ಲಿ 21,000ಕ್ಕೂ ಮಿಕ್ಕ ಜನರನ್ನು ಇದರಿಂದ ಪರೀಕ್ಷಿಸಿದಾಗ ಸಮಪ್ರಕೃತಿಯವರೆಂದು ಕಂಡುಬಂದವರು ಸುಮಾರು ಮೂರನೆಯ ಒಂದು ಪಾಲು. ಉಳಿದ ಎರಡು ಪಾಲು ಜನ ಒಂದಲ್ಲ ಒಂದು ಕಡೆಗೆ ವಾಲಿದವರು! ಮೂವರಲ್ಲಿ ಇಬ್ಬರು ತೂಕ ತಪ್ಪಿದವರೆಂದು ತಕ್ಕಡಿ ಹೇಳಿದರೆ, ಜನರನ್ನು ಸಂದೇಹಿಸುವ ಮುನ್ನ ತಕ್ಕಡಿಯನ್ನೊಮ್ಮೆ ನೋಡುವುದು ಅಂಗಡಿಯವನಿಗೂ ಗೊತ್ತಿರುವ ವಿವೇಕ. ಆಯಾಸ, ನಿದ್ರೆಗೇಡು, ಬಾಯಾರಿಕೆ ಯಾರಿಗೆ ಒಮ್ಮೊಮ್ಮೆ ಬಾರದು? 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ 39 ಮಂದಿ ವಿದ್ಯಾರ್ಥಿಗಳಿಗೆ ಸ್ವಭಾವಪರೀಕ್ಷೆಯೊಂದನ್ನು ಕೊಟ್ಟು, ಆಮೇಲೆ ಪ್ರತಿಯೊಬ್ಬನಿಗೂ ‘ನಿನ್ನ ಸ್ವಭಾವ ಇದು’ ಎಂದು ಒಂದು ವರ್ಣನೆಯನ್ನು ಹಂಚಿದ. ಅದು ತನಗೆ ಎಷ್ಟು ಹೊಂದುವುದೆಂದು 5 ಅಂಕಗಳಿಗೆ ಬೆಲೆಕಟ್ಟಲು ಹೇಳಿದಾಗ ಸರಾಸರಿ 4ನ್ನು ಮೀರಿತು. ಎಲ್ಲರಿಗೂ ಕೊಟ್ಟಿದ್ದ ವರ್ಣನೆ ಒಂದೇ! ನಮ್ಮ ಬಗೆಗೆ ಹೇಳಿದ ಸಾಮಾನ್ಯ ಮಾತುಗಳು ನಮಗಾಗಿಯೇ ಬರೆದಂತೆ ತೋರುವುದು ಮನುಷ್ಯಸ್ವಭಾವ. ದೇಹಪ್ರಕೃತಿಯ ನಿರ್ಣಯವನ್ನು ಓದಿ ‘ಇದು ನನ್ನನ್ನೇ ನೋಡಿ ಬರೆದಂತಿದೆ’ ಎಂದುಕೊಳ್ಳುವವರು ಈ ಪ್ರಯೋಗವನ್ನು ನೆನೆಯಬೇಕು.

ಹಾಗೆಂದು ಈ ಮತವನ್ನು ಪರೀಕ್ಷಿಸಲು ಸಾಧ್ಯವೇ ಇಲ್ಲವೆನ್ನುವುದು ತಪ್ಪು. ಮರಸೇಬು ಒಳ್ಳೆಯ ಹಣ್ಣು ಎಂಬುದಷ್ಟೇ ಅದರ ವಾದವಾಗಿದ್ದರೆ ಯಾರೂ ವಿರೋಧಿಸಬೇಕಾಗಿರಲಿಲ್ಲ. ಅದೇ ಹಣ್ಣು ಇವನಿಗೆ ಹಿತ, ಅವನಿಗೆ ಅಹಿತ ಎನ್ನುವುದು ಅದರ ವಾದ. ಇದು ಧೈರ್ಯದ ವಾದ, ಆದಕಾರಣ ಪರೀಕ್ಷೆಗೆ ಒಳ್ಳೆಯ ವಾದ. ಯಿನ್ ಕೊರತೆಯವರೆಂದು ವೈದ್ಯರು ಆರಿಸಿದ ಇನ್ನೂರು ಮಂದಿ, ಯಾಂಗ್ ಕೊರತೆಯವರು ಇನ್ನೂರು ಮಂದಿ ಇರಲಿ. ಎರಡು ಗುಂಪುಗಳಲ್ಲಿಯೂ ಚೀಟಿಯೆತ್ತಿ ಅರ್ಧ ಜನರಿಗೆ ತಂಪಿನ ಪುಡಿಯನ್ನೂ ಅರ್ಧ ಜನರಿಗೆ ಕಾವಿನ ಪುಡಿಯನ್ನೂ ಒಂದೇ ತೆರನಾಗಿ ಕಾಣುವ ಗುಳಿಗೆಗಳಲ್ಲಿ ಕೊಡಬೇಕು. ಯಾರಿಗೆ ಯಾವುದು ಸಂದಿತೆಂದು ತಿನ್ನುವವರಿಗೂ ತಿಳಿಯಬಾರದು, ಫಲವನ್ನು ಬರೆದುಕೊಳ್ಳುವವರಿಗೂ ತಿಳಿಯಬಾರದು. ಮತ ನಿಜವಾದರೆ ಈ ನಾಲ್ಕು ಗುಂಪುಗಳಲ್ಲಿ ಎರಡು ಸುಧಾರಿಸಬೇಕು, ಎರಡು ಕೆಡಬೇಕು. ನಾಲ್ಕೂ ಒಂದೇ ಸಮನಾಗಿ ಸುಧಾರಿಸಿದರೆ ಗುಣ ಆರೈಕೆಯದು ಅಥವಾ ಕಾಲದ್ದು, ಪ್ರಕೃತಿಭೇದದ್ದಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ರೋಗದ 12 ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಕಿತ್ತಳೆ ನಿಂಬೆಗಳನ್ನು ತಿಂದ ಇಬ್ಬರು ಬೇಗನೆ ಗುಣಹೊಂದಿದುದನ್ನು ತೋರಿಸಿದನಷ್ಟೆ. ಅದಕ್ಕಿಂತ ಹೆಚ್ಚಿನ ಗಣಿತವೇನೂ ಇಲ್ಲಿ ಬೇಕಾಗಿಲ್ಲ.

ಹಳೆಯ ಗ್ರಂಥವೂ ಹೊಸ ಪ್ರಯೋಗವೂ ಕೈಜೋಡಿಸಿದಾಗ ಏನಾಗಬಹುದೆಂಬುದನ್ನು ಚೀನೀಯರೇ ಜಗತ್ತಿಗೆ ತೋರಿಸಿದ್ದಾರೆ. ಗೆ ಹೋಂಗನ ಅದೇ ಕೈಪಿಡಿಯಲ್ಲಿ ಚಳಿಜ್ವರಕ್ಕೆ ‘ಚಿಂಗ್‌ಹಾವೊ’ ಎಂಬ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿದ ರಸವನ್ನು ಕುಡಿಯಬೇಕೆಂದಿದೆ. ಕುದಿಸಬೇಕೆಂದು ಹೇಳಿಲ್ಲ. ಮಲೇರಿಯಕ್ಕೆ ಮದ್ದು ಹುಡುಕುತ್ತಿದ್ದ ತು ಯೂಯೂ ಎಂಬ ವಿಜ್ಞಾನಿ ಈ ಸಾಲನ್ನು ಓದಿ, ಕಾಯಿಸಿದರೆ ಗುಣ ನಾಶವಾಗುವುದಿರಬೇಕೆಂದು ತರ್ಕಿಸಿದರು. 1971ರಲ್ಲಿ ಅವರು ಸುಮಾರು 35 ಡಿಗ್ರಿಯಲ್ಲಿಯೇ ಕುದಿಯುವ ಈಥರನ್ನು ಬಳಸಿ ಸಾರವನ್ನು ತೆಗೆದರು. ಅದು ಫಲ ಕೊಟ್ಟಿತು. ಆರ್ಟಿಮಿಸಿನಿನ್ ಎಂಬ ಆ ಮದ್ದು ಲಕ್ಷಾಂತರ ಜೀವಗಳನ್ನು ಉಳಿಸಿತು. 2015ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಹದಿನಾರು ಶತಮಾನಗಳ ಹಿಂದಿನ ಒಂದು ಸಾಲು ಸುಳಿವನ್ನು ಕೊಟ್ಟಿತು. ಇಲಿಗಳ, ಕೋತಿಗಳ, ರೋಗಿಗಳ ಮೇಲೆ ನಡೆದ ಪರೀಕ್ಷೆ ತೀರ್ಪನ್ನು ಕೊಟ್ಟಿತು. ಸುಳಿವನ್ನೇ ತೀರ್ಪೆಂದು ತಿಳಿದಿದ್ದರೆ ಆ ಗಿಡ ಇನ್ನೂ ಗ್ರಂಥದಲ್ಲಿಯೇ ಉಳಿದಿರುತ್ತಿತ್ತು.

ಈಗ ನಮ್ಮ ವಿದ್ಯಾರ್ಥಿನಿಯ ಬಳಿಗೆ ಮರಳೋಣ. ನಾವು ನಕ್ಕು ಹೊರಟುಹೋದ ಮೇಲೆ ಆಕೆ ಪಟ್ಟಿಯನ್ನು ನಂಬಿದಳು. ನಂಬದೆ ಏನು ಮಾಡಿಯಾಳು? ಅವಳ ಆಯಾಸ ನಿಜವಾಗಿತ್ತು. ಅದಕ್ಕೊಂದು ಹೆಸರು ಕೊಟ್ಟವರು ಆ ಪಟ್ಟಿಯವರು ಮಾತ್ರ. ನಾಲ್ಕು ತಿಂಗಳ ಕಾಲ ಬೆಳಗೂ ಬೈಗೂ ಶುಂಠಿಯ ಕಷಾಯ ಕುಡಿದಳು. ಒಣಗಿದ ಕೆಂಪು ಎಲಚಿಯನ್ನು ತರಿಸಿ ತಿಂದಳು. ಒಂದು ದಿನ ಪ್ರಯೋಗಶಾಲೆಯಲ್ಲಿ ತಲೆಸುತ್ತಿ ಕುಳಿತುಬಿಟ್ಟಳು. ರಕ್ತಪರೀಕ್ಷೆಯಲ್ಲಿ ಹೀಮೋಗ್ಲೋಬಿನ್ 100 ಮಿಲಿಲೀಟರಿಗೆ 8 ಗ್ರಾಂ ಮಾತ್ರವಿದ್ದಿತು. ಹೆಂಗಸರಲ್ಲಿ 12ಕ್ಕಿಂತ ಕಡಮೆಯಾದರೆ ರಕ್ತಹೀನತೆ. ಕೊರತೆ ಇದ್ದದ್ದು ನಿಜ. ಅದು ಕಬ್ಬಿಣದ ಕೊರತೆ. ಕೆಂಪು ಎಲಚಿ ರಕ್ತವನ್ನು ಪೋಷಿಸುತ್ತದೆಂದು ಚೀನದಲ್ಲಿ ಬಹಳ ಪ್ರತೀತಿ. ಆದರೆ ಒಣಗಿದ ಎಲಚಿಯ 100 ಗ್ರಾಮಿನಲ್ಲಿ ಇರುವ ಕಬ್ಬಿಣ ಸುಮಾರು 2 ಮಿಲಿಗ್ರಾಂ. ನಮ್ಮ ದೇಶದ ಪೋಷಣತಜ್ಞರು ವಯಸ್ಕ ಹೆಂಗಸಿಗೆ ಗೊತ್ತುಮಾಡಿರುವುದು ದಿನಕ್ಕೆ 29 ಮಿಲಿಗ್ರಾಂ. ಕಬ್ಬಿಣದ ಮಾತ್ರೆಗಳನ್ನು ತೆಗೆದುಕೊಂಡು ಕೆಲವು ತಿಂಗಳಲ್ಲಿ ಆಕೆ ಚೇತರಿಸಿಕೊಂಡಳು. ಕೈಕಾಲುಗಳ ತಣ್ಣಗೂ ಹೋಯಿತು.

ಇದು ಒಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ತಣ್ಣನೆಯ ಕೈಕಾಲು, ಜಡತೆ, ಚಳಿ ಇವು ಥೈರಾಯ್ಡ್ ಗ್ರಂಥಿ ಸೋತಾಗಲೂ ಬರುತ್ತವೆ. ಬಾಯಾರಿಕೆ, ಬಾಯೊಣಗುವಿಕೆ, ಅಂಗಾಲಿನ ಉರಿ ಇವು ಸಕ್ಕರೆ ಕಾಯಿಲೆಯ ಚಿಹ್ನೆಗಳೂ ಆಗಬಹುದು. ಮೂರು ಬೇರೆ ಬೇರೆ ರೋಗಗಳು, ಮೂರಕ್ಕೂ ಅಳತೆಗಳುಂಟು, ಚಿಕಿತ್ಸೆಗಳುಂಟು. ಇವನ್ನೆಲ್ಲ ಯಿನ್, ಯಾಂಗ್ ಎಂಬ ಎರಡು ಡಬ್ಬಿಗಳಲ್ಲಿ ತುಂಬಿ ಮುಚ್ಚಳ ಹಾಕಿದರೆ ಹೋಗುವುದು ಕಾಲ. ಕೆಲವೊಮ್ಮೆ ಅದರ ಬೆಲೆ ದೊಡ್ಡದು.

ಆದುದರಿಂದ ವಿದ್ಯಾರ್ಥಿಮಿತ್ರರಿಗೆ ನಮ್ಮ ಸಲಹೆ ಸರಳವಾದುದು. ಅಣಬೆ ಮರಸೇಬುಗಳ ಪಾಕ ರುಚಿಯಾಗಿದ್ದರೆ ಸಂತೋಷವಾಗಿ ಕುಡಿಯಿರಿ. ಚಳಿಯಲ್ಲಿ ಶುಂಠಿಯ ಕಷಾಯ ಹಿತವಾಗಿದ್ದರೆ ಅದೂ ಆಗಲಿ. ಆಹಾರ ಆಹಾರವಾಗಿರುವವರೆಗೆ ಯಾರ ಆಕ್ಷೇಪಣೆಯೂ ಇಲ್ಲ. ಅದು ಕೊರತೆಯನ್ನು ತುಂಬುತ್ತದೆಂದು ಯಾರಾದರೂ ಹೇಳಿದೊಡನೆ ಆ ಮೂರು ಪ್ರಶ್ನೆಗಳನ್ನು ಕೇಳಿ: ಯಾವುದರ ಕೊರತೆ? ಎಷ್ಟು? ತುಂಬಿದ್ದು ತಿಳಿಯುವುದು ಹೇಗೆ? ಚೀನೀ ಪ್ರಶ್ನಾವಳಿಗೆ ಮಾತ್ರವಲ್ಲ, ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತೇವೆಂದು ಡಬ್ಬಿಗಳ ಮೇಲೆ ವಿಜ್ಞಾನದ ಹೆಸರಿನಲ್ಲಿಯೇ ಅಚ್ಚುಹಾಕಿ ಮಾರುವ ಪುಡಿಗಳಿಗೂ ಈ ಪ್ರಶ್ನೆಗಳು ಅಷ್ಟೇ ಸಲ್ಲುತ್ತವೆ. ಆಯಾಸವೋ ಬಾಯಾರಿಕೆಯೋ ಬಿಡದೆ ಕಾಡುತ್ತಿದ್ದರೆ ಪಟ್ಟಿಗಿಂತ ಮೊದಲು ರಕ್ತಪರೀಕ್ಷೆಯಾಗಲಿ.

ಅಧ್ಯಾಪಕರಿಗೂ ಒಂದು ಮಾತುಂಟು. ಅದನ್ನು ನಮಗೆ ನಾವೇ ಹೇಳಿಕೊಳ್ಳುತ್ತಿದ್ದೇವೆ. ‘ಯಾವ ಉಷ್ಣಮಾಪಕದಿಂದ ಅಳೆಯುತ್ತಾರೆ?’ ಎಂದು ಕೇಳಿದ ಹುಡುಗಿ ವಿಜ್ಞಾನದ ಪ್ರಶ್ನೆಯನ್ನೇ ಕೇಳಿದ್ದಳು. ಆ ದಿನ ತರಗತಿಯಲ್ಲಿ ಸರಿಯಾದ ಮಾತನ್ನಾಡಿದವಳು ಅವಳೊಬ್ಬಳೇ. ಅವಳಿಗೆ ನಾವು ಹತ್ತು ನಿಮಿಷ ಕೊಟ್ಟಿದ್ದರೆ ನಾಲ್ಕು ತಿಂಗಳು ಉಳಿಯುತ್ತಿದ್ದವು. ಈ ವರ್ಷ ಶಾಖದ ಪಾಠವನ್ನು ಮೂರು ಬೋಗುಣಿಗಳಿಂದ ಆರಂಭಿಸಿದೆವು; ನಡುವಣ ಬೋಗುಣಿಗೆ ಮೊದಲು ಕೈ ಹಾಕಿದವಳು ಅವಳೇ.